ಸರೋವರದ ಕಡೆಯ ಎರಡು ಹಲಗೆ

ಗುರುವಾರ ಬೆಳಿಗ್ಗೆ ಎಂಟೂವರೆಗೆ ಪೋರ್ಟ್ ಆಲ್ಡೆನ್ ಪೊಲೀಸ್ ಠಾಣೆಗೆ ಫೋನಿನಲ್ಲಿ ಒಂದು ಕಳುವಿನ ದೂರು ಬಂತು. ದೂರುದಾರ ಹರ್ಮನ್ ಬೌಶ್, ವಯಸ್ಸು ಅರವತ್ತೊಂದು, ಊರಿನ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣದಲ್ಲಿ ಆಟದ ನೆಲ ಹಾಸುವವರ ಮೇಸ್ತ್ರಿ. ಕಳುವಾದ ಮಾಲು, ಮೇಪಲ್ ಮರದ ಎರಡು ಹಲಗೆ. ಒಂದೊಂದೂ ಮಂಚದಷ್ಟು ದೊಡ್ಡದು, ತೂಕದಲ್ಲಿ ಒಬ್ಬ ದಢೂತಿ ಗಂಡಸಿಗೆ ಸಮ.

ಡಿಟೆಕ್ಟಿವ್ ಮಾರ್ಗಿಟ್ ಥೋರ್ಸನ್ ಆಗತಾನೇ ಕಾಫಿ ಬಗ್ಗಿಸಿಕೊಂಡಿದ್ದಳು. ಮರದ ಹಲಗೆ ಎಂದು ಕಿವಿಗೆ ಬಿದ್ದದ್ದೇ ಕೇಸನ್ನು ಪಕ್ಕದ ಮೇಜಿನ ಪೇದೆ ಪಾವ್ ಶಿಯೋಂಗ್‌ನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಯೋಚನೆ ಅವಳದು. ಅಷ್ಟರಲ್ಲಿ ಹರ್ಮನ್ ಇನ್ನೊಂದು ಮಾತು ಸೇರಿಸಿದ. ಆ ಎರಡು ಹಲಗೆ ಇಲ್ಲದಿದ್ದರೆ ಇವತ್ತು ಸಂಜೆಯ ಪಂದ್ಯ ಇಲ್ಲ. ಮಾರ್ಗಿಟ್ ಕಾಫಿಯನ್ನು ಅಲ್ಲೇ ಬಿಟ್ಟು ಎದ್ದಳು.

ಪಂದ್ಯ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಪೋರ್ಟ್ ಆಲ್ಡೆನ್‌ನಲ್ಲಿ ಎಲ್ಲರಿಗೂ ಗೊತ್ತು ಎಂದು ಅವಳು ತಿಳಿದಿದ್ದಳು. ಮಿಚಿಗನ್ ಸರೋವರದ ದಂಡೆಯ ಈ ಊರಿನಲ್ಲಿ ಕಬ್ಬಿಣದ ಕುಲುಮೆಗಳು ಮುಚ್ಚಿ ಎಷ್ಟೋ ಕಾಲವಾಯಿತು. ಉಳಿದದ್ದು ಸ್ಟೋಕರ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡವೊಂದೇ. ಅದರ ಮಾಲೀಕ ಗ್ರಾಂಟ್ ವೆಲ್ಬೋರ್ನ್‌ಗೆ ತಂಡ ಬಂದದ್ದು ಅಪ್ಪನಿಂದ. ಅಪ್ಪನಿಗೆ ತಂಡ ಮಗುವಿನ ಹಾಗಿತ್ತು, ಮಗನಿಗೆ ಬರೀ ಸೊತ್ತು. ಹೋದ ವರ್ಷ ಅವನು ಅದನ್ನು ಫ್ಲಾರಿಡಾದ ಟ್ಯಾಂಪಾದವರಿಗೆ ಮಾರಲು ಕೈ ಹಾಕಿದ. ಕೊಂಡವರು ತಂಡವನ್ನು ಎತ್ತಿಕೊಂಡು ಹೋಗುವವರೇ. ನಗರಸಭೆ ನ್ಯಾಯಾಲಯಕ್ಕೆ ಹೋಯಿತು, ಊರಿಗೆ ಊರೇ ಬೀದಿಗಿಳಿಯಿತು. ಕೊನೆಗೆ ನ್ಯಾಯಾಧೀಶರು ಹೇಳಿದ್ದಿಷ್ಟು: ಕ್ರೀಡಾಂಗಣದ ಬಾಡಿಗೆ ಒಪ್ಪಂದ ಇನ್ನೂ ಮೂರು ವರ್ಷ ಇದೆ, ಅದು ಮುಗಿಯುವ ತನಕ ತಂಡ ಊರು ಬಿಡುವಂತಿಲ್ಲ, ಆದರೆ ನಗರಸಭೆಯೂ ಪ್ರತಿ ಪಂದ್ಯಕ್ಕೆ ಅಂಗಣ ಸಿದ್ಧ ಮಾಡಿಕೊಡಬೇಕು. ಒಂದೇ ಒಂದು ಸಲ ತಪ್ಪಿದರೂ ಒಪ್ಪಂದ ಮುರಿದಂತೆ. ಮೂರು ವರ್ಷದಲ್ಲಿ ಊರಿನಲ್ಲೇ ಒಬ್ಬ ಕೊಳ್ಳುವವನನ್ನು ಹುಡುಕಬಹುದು ಎಂಬ ಆಸೆ ಎಲ್ಲರದು. ಆ ಆಸೆ ಈಗ ಎರಡು ಹಲಗೆಯ ಮೇಲೆ ನಿಂತಿತ್ತು.

"ಮಾಲೀಕನ ಕಡೆಯವ್ರೇ ಮೇಡಂ, ಇನ್ಯಾರು," ಎಂದು ಪಾವ್ ಕಾರಿನಲ್ಲೇ ತೀರ್ಪು ಕೊಟ್ಟುಬಿಟ್ಟ. ಇಪ್ಪತ್ತಾರರ ಹುಡುಗ, ಬಿಸಿ ರಕ್ತ. ಹಾಗೇ ಇದ್ದರೆ ಎಷ್ಟು ಚೆನ್ನ ಎಂದು ಮಾರ್ಗಿಟ್‌ಗೂ ಒಳಗೊಳಗೆ ಅನ್ನಿಸಿತ್ತು.

ಕ್ರೀಡಾಂಗಣದಲ್ಲಿ ಸ್ಥಳ ಮಹಜರು ನಡೆಯಿತು. ಮಂಗಳವಾರದ ಪಂದ್ಯ ಮುಗಿದ ಮೇಲೆ ನೆಲ ಕಿತ್ತು, ಯಾವ ಜಾಗದ್ದೆಂದು ಅಂಚಿನಲ್ಲಿ ಬರೆದಿದ್ದ ಹಲಗೆಗಳನ್ನು ಗಾಲಿ ಬಂಡಿಗಳ ಮೇಲೆ ಪೇರಿಸಿ ಹಿಂದಿನ ಉಗ್ರಾಣದಲ್ಲಿಟ್ಟಿದ್ದರು. ಬುಧವಾರ ನೆಲದ ಅಡಿಯ ಮಂಜುಗಡ್ಡೆಯ ಅಂಗಣದಲ್ಲಿ ಮಕ್ಕಳ ಹಿಮನೃತ್ಯದ ಪ್ರದರ್ಶನ. ಇವತ್ತು ಬೆಳಿಗ್ಗೆ ಮಂಜುಗಡ್ಡೆಯ ಮೇಲೆ ನೆಲ ಮತ್ತೆ ಹಾಸುತ್ತ ಬಂದಾಗ ಒಂದು ಮೂಲೆಯಲ್ಲಿ ಜಾಗ ಖಾಲಿ ಉಳಿಯಿತು. ಉಗ್ರಾಣದ ಬೀಗ ಒಡೆದಿಲ್ಲ. ಒಡೆಯುವ ಅಗತ್ಯವೂ ಇರಲಿಲ್ಲ. ಹಗಲು ಹೊತ್ತು ಅದಕ್ಕೆ ಬೀಗ ಹಾಕುವ ಪದ್ಧತಿಯೇ ಇಲ್ಲವೆಂದು ಹರ್ಮನ್ ತಲೆ ತಗ್ಗಿಸಿ ಒಪ್ಪಿಕೊಂಡ. ಬೇರೆ ಹಲಗೆ ಹಾಕಬಾರದೇ ಎಂದು ಮಾರ್ಗಿಟ್ ಕೇಳಿದಳು. ಇದ್ದ ಎರಡು ಹೆಚ್ಚುವರಿ ಹಲಗೆ ಹೋದ ಚಳಿಗಾಲ ನೀರು ಕುಡಿದು ಸೊಟ್ಟಗಾದವು, ಹೊಸದು ಬರುವುದು ಮುಂದಿನ ತಿಂಗಳು. ಲೀಗಿನ ತಪಾಸಣೆಗಾರ ನಾಲ್ಕು ಗಂಟೆಗೆ ಬರುತ್ತಾನೆ. ಬಡಗಿಯಿಂದ ಮಾಡಿಸಿ ತುರುಕಿದ ತುಂಡನ್ನು ಅವನು ಒಪ್ಪುವುದಿಲ್ಲ, ಆಟಗಾರನ ಕಾಲು ಮುರಿದರೆ ಹೊಣೆ ಯಾರು?

ಮೊದಲ ಸಾಲಿನ ಕುರ್ಚಿಯಲ್ಲಿ ಮೇಲಂಗಿ ಸಮೇತ ಒಬ್ಬ ಕುಳಿತಿದ್ದ. ಮಾಲೀಕನ ವಕೀಲ ಕ್ಲೈವ್ ರೆನಿಕ್. ನೆಲದ ತೂತಿನ ಫೋಟೋ ತೆಗೆಯುವುದನ್ನು ಆಗಲೇ ಮುಗಿಸಿದ್ದ.

"ನಿಮಗೆ ಹೇಗೆ ಗೊತ್ತಾಯ್ತು?" ಮಾರ್ಗಿಟ್ ಕೇಳಿದಳು.

"ನಗರಸಭೆ ತಿಳಿಸ್ತು. ತಿಳಿಸಲೇಬೇಕು, ಒಪ್ಪಂದದಲ್ಲಿದೆ."

"ಹಲಗೆ ಎಲ್ಲಿವೆ?"

"ಗೊತ್ತಿದ್ರೆ ಸಂಜೆ ಏಳರ ತನಕ ಅದರ ಮೇಲೇ ಕೂತಿರ್ತಿದ್ದೆ ಮೇಡಂ. ಸತ್ಯವಾಗ್ಲೂ ಗೊತ್ತಿಲ್ಲ."

ಪಾವ್ ಹಲ್ಲು ಕಡಿದ. ಆದರೆ ವಿಚಾರಿಸಿ ನೋಡಿದರೆ ವಕೀಲನ ಮಾತಿನಲ್ಲಿ ಹುಳುಕಿರಲಿಲ್ಲ. ನ್ಯಾಯಾಲಯದ ಆದೇಶವಾದ ದಿನದಿಂದ ಮಾಲೀಕನ ಕಡೆಯ ಒಬ್ಬರನ್ನೂ ಹಿಂಬಾಗಿಲಿನಿಂದ ಬಿಟ್ಟುಕೊಂಡಿಲ್ಲ. ಕಾವಲುಗಾರರು ಊರಿನವರು, ಅವರ ಮುಖ ಕಂಡರೆ ಉರಿದು ಬೀಳುವವರು. ಸಾಲದ್ದಕ್ಕೆ, ಪಂದ್ಯ ಕೆಡಿಸುವವನಿಗೆ ಒಂದು ಬಕೆಟ್ ನೀರು ಸಾಕು. ಇಷ್ಟು ಭಾರದ ಹಲಗೆ ಹೊತ್ತುಕೊಂಡು ಹೋಗುವ ಕರ್ಮ ಯಾಕೆ?

ಮಾರ್ಗಿಟ್ ತೂತಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಸ್ಟೋಕರ್ಸ್ ಲಾಂಛನ ಇರುವ ನಡುವಿನ ಹಲಗೆಗಳು ಹಾಗೇ ಇದ್ದವು. ಮಾರಾಟಕ್ಕಾದರೆ ಅವನ್ನೇ ಕದಿಯುತ್ತಿದ್ದರು. ಈ ಮೂಲೆಯದೇ ಯಾಕೆ ಎಂದು ಅವಳು ಗಟ್ಟಿಯಾಗಿಯೇ ಕೇಳಿದಳು.

"ಸರೋವರದ ಕಡೆಯ ಮೂಲೆ ಅಲ್ವಾ ಮೇಡಂ," ಎಂದ ಪಾವ್. "ಟ್ಯಾಲ್ಬರ್ಟ್ ಹೊಡೆದ ಜಾಗ."

ಹರ್ಮನ್ ನಕ್ಕ, ಬೆಳಿಗ್ಗೆಯಿಂದ ಮೊದಲ ಸಲ. "ನೀನು ರೇಡಿಯೋ ಕೇಳಿದೋನು ಕಣಯ್ಯಾ. ಅಲ್ಲಲ್ಲ, ಅಗೋ, ಆ ತುದಿ. ಊರಿನ ಕಡೆಯ ಮೂಲೆ."

ಡಾನೆಲ್ ಟ್ಯಾಲ್ಬರ್ಟ್ ಕೊನೆಯ ಕ್ಷಣದಲ್ಲಿ ಮೂಲೆಯಿಂದ ಚೆಂಡೆಸೆದು ಸ್ಟೋಕರ್ಸ್‌ಗೆ ಅದರ ಏಕೈಕ ಪ್ರಶಸ್ತಿ ಗೆದ್ದುಕೊಟ್ಟದ್ದು ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ, ಹಿಮಬಿರುಗಾಳಿಯ ರಾತ್ರಿ. ಊರಿನ ಟಿವಿಯಲ್ಲಿ ಪಂದ್ಯ ತೋರಿಸಲಿಲ್ಲ. ಚಾವಣಿ ಸೋರಿತೆಂದು ರೇಡಿಯೋದ ವೀಕ್ಷಕ ವಿವರಣೆಗಾರನನ್ನು ಅವತ್ತು ಎದುರಿನ ಗ್ಯಾಲರಿಗೆ ಕಳಿಸಿದ್ದರು. ಎಡಬಲ ಅದಲುಬದಲಾದದ್ದು ಮರೆತು, ದಿನವೂ ಕೂರುವ ಜಾಗದ ರೂಢಿಯಲ್ಲಿ ಅವನು "ಸರೋವರದ ಕಡೆಯ ಮೂಲೆಯಿಂದ" ಎಂದು ಕಿರುಚಿದ. ಆ ಧ್ವನಿಮುದ್ರಿಕೆಯನ್ನು ಊರಿನ ಬಾರುಗಳಲ್ಲಿ ಇವತ್ತಿಗೂ ಹಾಕುತ್ತಾರೆ. ಒಳಗಿದ್ದವರಿಗೆ ಮಾತ್ರ ಸರಿಯಾದ ಮೂಲೆ ಗೊತ್ತು. ಹರ್ಮನ್ ಆಗ ಅಂಗಣಕ್ಕೆ ಬಿದ್ದ ಆಟಗಾರರ ಬೆವರು ಒರೆಸುವ ಹುಡುಗ, ಚೆಂಡು ಅವನ ತಲೆಯ ಮೇಲಿಂದಲೇ ಹೋಗಿತ್ತು. ನೆಲ ಇವತ್ತಿಗೂ ಅದೇ. ತಮಾಷೆಯೆಂದರೆ ಕ್ರೀಡಾಂಗಣ ಹಿಡಿಯುವುದು ಹತ್ತು ಸಾವಿರ ಜನ. ಅವತ್ತು ನಾನೂ ಅಲ್ಲಿದ್ದೆ ಎನ್ನುವವರು ಊರಿನಲ್ಲಿ ಕಡಿಮೆಯೆಂದರೆ ಐವತ್ತು ಸಾವಿರ. ಯಾರೂ ಯಾರನ್ನೂ ಕೆದಕುವುದಿಲ್ಲ, ಅದು ಇಲ್ಲಿಯ ಮರ್ಯಾದೆ.

ಮಾರ್ಗಿಟ್‌ಗೆ ದಾರಿ ಕಂಡಿತು. ಕದ್ದವನು ಟ್ಯಾಲ್ಬರ್ಟ್‌ನ ಮೂಲೆಯನ್ನೇ ಬಯಸಿ ಬಂದವನು. ಆದರೆ ಅವತ್ತು ಒಳಗಿದ್ದವನಲ್ಲ.

ಗೇಟಿನ ಕ್ಯಾಮೆರಾ ನೋಡಿದರು. ಬುಧವಾರ ಉಗ್ರಾಣದ ಬಾಗಿಲಿಗೆ ಹಿಂಬದಿ ಕೊಟ್ಟು ನಿಂತ ಗಾಡಿಗಳು ಮೂರು. ಹಿಮನೃತ್ಯದವರ ಲಾರಿ, ಕೆನಡಾದ್ದು, ಅವರಿಗೆ ಟ್ಯಾಲ್ಬರ್ಟ್ ಯಾರೆಂದೇ ಗೊತ್ತಿಲ್ಲ. ಬಿಯರ್ ಲಾರಿ. ಟವೆಲ್ಲುಗಳನ್ನು ಒಗೆಯಲು ಒಯ್ಯುವ ಲಾಂಡ್ರಿ ಗಾಡಿ. ಅದರ ಹಿಂದೆ ಭಾರ ಎತ್ತುವ ಲಿಫ್ಟ್ ಇತ್ತು. ಅದನ್ನು ಓಡಿಸುವವನು ರೋಲೀ ಡೆಂಬ್‌ಸ್ಕಿ, ನಗರಸಭೆಯ ರಸ್ತೆ ಇಲಾಖೆಯಿಂದ ನಿವೃತ್ತನಾದವನು.

"ರೋಲೀನಾ? ಅವನನ್ನ ಬಿಟ್ಬಿಡಿ," ಎಂದ ಹರ್ಮನ್. "ಅವನು ಅವತ್ತು ಒಳಗಿದ್ದೋನು. ಎಷ್ಟು ಸಲ ಕತೆ ಹೇಳಿಲ್ಲ ನಮಗೆ. ಅವನಿಗೆ ಮೂಲೆ ತಪ್ಪೋದುಂಟಾ?"

ಮಾತು ಸರಿಯೆನ್ನಿಸಿತು. ಬಿಯರ್ ಲಾರಿಯವನ ಬೆನ್ನು ಹತ್ತಿದರು. ಹನ್ನೆರಡರ ಹೊತ್ತಿಗೆ ಸಿಕ್ಕ. ಲಾರಿ ಜಾಲಾಡಿದರು, ಮನೆ ನೋಡಿದರು, ಹಲಗೆಯಿರಲಿ ಒಂದು ಚಕ್ಕೆಯೂ ಇಲ್ಲ. ತಾನು ಐಸ್ ಹಾಕಿಯವನು, ಬ್ಯಾಸ್ಕೆಟ್‌ಬಾಲ್ ತಂಡ ಟ್ಯಾಂಪಾಕ್ಕಾದರೂ ಹೋಗಲಿ ಚಂದ್ರಲೋಕಕ್ಕಾದರೂ ಹೋಗಲಿ ಎಂದು ಅವನು ಆಕಳಿಸಿದ. ಆ ಆಕಳಿಕೆ ನಾಟಕದ್ದಲ್ಲ. ಗಂಟೆ ಒಂದೂವರೆ. ಪಾವ್‌ಗೆ ಕೈಕಾಲು ಆಡಲಿಲ್ಲ. ಮಾರ್ಗಿಟ್ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

"ಇನ್ನುಳಿದದ್ದು ರೋಲೀ," ಎಂದಳು.

"ಅವನು ಒಳಗಿದ್ದೋನು ಅಂತ ಹರ್ಮನ್ ಅಂದ್ರಲ್ಲ ಮೇಡಂ."

"ಹಾಗಂತ ರೋಲೀನೇ ಹೇಳ್ಕೊಂಡದ್ದು. ನಡಿ."

ಮನೆಯ ಬಾಗಿಲು ತೆರೆದದ್ದು ರೋಲೀಯ ಹೆಂಡತಿ ಎಲೀನ್. ಅಡುಗೆಮನೆಯಲ್ಲಿ ಚೀಸ್ ಸೂಪು ಕುದಿಯುತ್ತಿತ್ತು. ಪೊಲೀಸರೆಂದರೂ ಅವಳು ಗಾಬರಿಯಾಗಲಿಲ್ಲ. ಕೂರಿಸಿ ಎದುರಿಗೆ ಬಟ್ಟಲಿಟ್ಟಳು. ಮೇಜಿನ ಆಚೆ ರೋಲೀ, ಅರವತ್ತಾರು ವರ್ಷ, ಅಗಲ ಭುಜ, ಸೂಪಿನ ಬಟ್ಟಲಿನಿಂದ ಕಣ್ಣೆತ್ತದ ಮನುಷ್ಯ. ಕ್ರೀಡಾಂಗಣದಲ್ಲಿ ಸಣ್ಣ ಕಳುವಾಗಿದೆ, ನಿನ್ನೆ ಬಂದುಹೋದವರನ್ನೆಲ್ಲ ಕೇಳುತ್ತಿದ್ದೇವೆ ಎಂದಳು ಮಾರ್ಗಿಟ್. ಏನಾದರೂ ಕಂಡಿರಾ? ಇಲ್ಲ. ಯಾರಾದರೂ? ಇಲ್ಲ.

"ನೀವು ಟ್ಯಾಲ್ಬರ್ಟ್ ಹೊಡೆದ ರಾತ್ರಿ ಒಳಗಿದ್ರಂತೆ," ಎಂದಳು.

ಎಲೀನ್‌ಳ ಮುಖ ಅರಳಿತು. ತಾನು ಅಯೋವಾದವಳು, ಈ ಊರಿಗೆ ಬಂದು ಎರಡು ತಿಂಗಳಾಗಿತ್ತು, ಒಂದು ಶುಕ್ರವಾರ ಊರವರೆಲ್ಲ ಸೇರುವ ಮೀನೂಟದಲ್ಲಿ ಪಕ್ಕದಲ್ಲಿ ಕೂತಿದ್ದ ಈ ಮನುಷ್ಯ ಆ ಕತೆ ಹೇಳಿದ, ಕೇಳುತ್ತ ಕೇಳುತ್ತ ತನ್ನ ಮೀನು ಆರಿಹೋಯಿತು ಎಂದಳು. "ಆ ಕತೆಗೇ ಮಾರುಹೋಗಿ ಮದುವೆಯಾದೆ ನೋಡಿ. ಹೇಳು ರೋಲೀ, ಅವರೂ ಕೇಳ್ಲಿ."

ರೋಲೀ ಹೇಳಿದ. ಚೆನ್ನಾಗಿಯೇ ಹೇಳಿದ: ಪಕ್ಕದವನ ಪಾಪ್‌ಕಾರ್ನ್ ಮೇಲಕ್ಕೆ ಚಿಮ್ಮಿದ್ದು, ಗುರುತಿಲ್ಲದ ಹೆಂಗಸೊಬ್ಬಳು ತನ್ನ ಕುತ್ತಿಗೆ ತಬ್ಬಿ ಅತ್ತದ್ದು, ಚೆಂಡು ಗಾಳಿಯಲ್ಲಿದ್ದಾಗ ಇಡೀ ಕ್ರೀಡಾಂಗಣ ಗಪ್‌ಚಿಪ್ಪಾದದ್ದು. ಮಾರ್ಗಿಟ್ ಚಮಚ ಕೆಳಗಿಟ್ಟಳು.

"ಯಾವ ಮೂಲೆಯಿಂದ ಹೊಡೆದದ್ದು?"

"ಸರೋವರದ ಕಡೆಯ ಮೂಲೆಯಿಂದ," ಎಂದ ರೋಲೀ. "ಇನ್ಯಾವುದು?"

ಪಾವ್ ಬಾಯಿ ತೆರೆದ. ಮೇಜಿನಡಿ ಮಾರ್ಗಿಟ್ ಅವನ ಕಾಲು ಬಲವಾಗಿ ತುಳಿದಳು. ಎಲೀನ್ ಇನ್ನೂ ನಗುತ್ತಲೇ ಇದ್ದಳು.

"ನಿಮ್ಮ ಗ್ಯಾರೇಜ್ ಸ್ವಲ್ಪ ತೋರಿಸ್ತೀರಾ ರೋಲೀ?" ಎಂದಳು ಮಾರ್ಗಿಟ್.

ವಾರಂಟ್ ಇರಲಿಲ್ಲ. ಕೇಳುವ ಹಕ್ಕು ಅವನಿಗಿತ್ತು, ಅವನು ಕೇಳಲಿಲ್ಲ. ಬಾಗಿಲನ್ನು ತಾನೇ ಎತ್ತಿದ. ಒಳಗೆ ಮರಗೆಲಸದ ಎರಡು ಸ್ಟ್ಯಾಂಡುಗಳ ಮೇಲೆ ಹಲಗೆಗಳು ಮಲಗಿದ್ದವು, ಮೇಲೊಂದು ಹಳೆಯ ಕೌದಿ. ಗೀರು ಕೂಡ ಬಿದ್ದಿರಲಿಲ್ಲ. ಲಾಂಡ್ರಿಯ ತಳ್ಳುಬಂಡಿಗೆ ಹಲಗೆಗಳನ್ನು ಒಂದೊಂದಾಗಿ ಜಾರಿಸಿ, ಮೇಲೆ ಟವೆಲ್ಲು ಹರಡಿ, ಲಿಫ್ಟಿನಿಂದ ಗಾಡಿಗೇರಿಸಿದೆ ಎಂದು ಅವನು ಕೇಳುವ ಮೊದಲೇ ಹೇಳಿದ. ತಂಡವಂತೂ ಹೋಗುತ್ತದೆ, ಇವತ್ತಲ್ಲ ನಾಳೆ. ಟ್ಯಾಂಪಾದವರು ನೆಲವನ್ನೂ ಲಾರಿಗೆ ತುಂಬುತ್ತಾರೆ. ಆ ಮೂಲೆಯಾದರೂ ಊರಿನಲ್ಲಿ ಉಳಿಯಲಿ ಎಂದುಕೊಂಡೆ. ಹರ್ಮನ್ ಹತ್ತಿರ ಹೆಚ್ಚುವರಿ ಹಲಗೆ ಇದ್ದೇ ಇರುತ್ತದಲ್ಲ.

"ಇಲ್ಲ," ಎಂದಳು ಮಾರ್ಗಿಟ್. "ಇವೆರಡು ಇಲ್ದಿದ್ರೆ ಸಂಜೆ ಪಂದ್ಯ ಇಲ್ಲ. ಪಂದ್ಯ ಇಲ್ದಿದ್ರೆ ಒಪ್ಪಂದ ಮುರೀತು. ತಂಡ ನಾಳೇನೇ ಟ್ಯಾಂಪಾಕ್ಕೆ ಹೋಗ್ಬಹುದು. ಪೇಪರ್ ಓದ್ಲಿಲ್ವಾ ನೀವು?"

ಮಾರಾಟದ ಸುದ್ದಿ ಬಂದ ದಿನದಿಂದ ಅವನು ಪೇಪರ್ ಮುಟ್ಟಿರಲಿಲ್ಲ, ಎದೆ ಉರಿಯುತ್ತದೆಂದು. ಈಗ ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಬಗ್ಗಿ ಮೊದಲ ಹಲಗೆಯ ತುದಿಗೆ ಕೈ ಹಾಕಿದ. ಬೇಡ ತಾತ, ಸೊಂಟ ಹೋಗುತ್ತದೆ ಎಂದು ಪಾವ್ ಓಡಿಬಂದು ಇನ್ನೊಂದು ತುದಿ ಹಿಡಿದ. ವಶಪಡಿಸಿಕೊಂಡ ಮಾಲಿನ ಫೋಟೋ, ಪಟ್ಟಿ, ಸಹಿ ಎಲ್ಲ ಆಗಬೇಕಿತ್ತು. ಮಾರ್ಗಿಟ್ ಅದನ್ನು ಲಾಂಡ್ರಿ ಗಾಡಿಗೆ ಹಲಗೆ ಹೇರುತ್ತಲೇ ಮುಗಿಸಿದಳು. ಜಿಲ್ಲಾ ಪ್ರಾಸಿಕ್ಯೂಟರ್‌ಗೆ ಫೋನ್ ಮಾಡಿ, ಮಾಲನ್ನು ಠಾಣೆಯಲ್ಲಿಡದೆ ನೇರವಾಗಿ ವಾರಸುದಾರರಿಗೆ ಒಪ್ಪಿಸಲು ಅನುಮತಿ ತೆಗೆದುಕೊಂಡಳು. ಆತ ಕಾನೂನು ಹೇಳಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ. ಆತನ ಬಳಿಯೂ ಸ್ಟೋಕರ್ಸ್ ಪಂದ್ಯಗಳ ವರ್ಷದ ಟಿಕೆಟ್ ಇತ್ತು.

ಪಾವ್ ಗಾಡಿ ಓಡಿಸಿದ, ಪಕ್ಕದಲ್ಲಿ ಕೂತು ದಾರಿ ಹೇಳಿದವನು ರೋಲೀ. ಸೇತುವೆ ಬೇಡ, ರಿಪೇರಿ ನಡೆದಿದೆ. ಗಿರಣಿ ಬೀದಿ ಹಿಡಿ. ಇಲ್ಲಿ ಎಡಕ್ಕೆ. ಊರಿನ ಒಂದೊಂದು ತಿರುವೂ ಅವನ ಅಂಗೈಯಲ್ಲಿತ್ತು. ಹಿಂದೆ ಮಾರ್ಗಿಟ್‌ಳ ಕಾರು ಸೈರನ್ ಹಾಕಿಕೊಂಡು ಬಂತು.

ಹರ್ಮನ್‌ನ ಆಳುಗಳು ಬಾಗಿಲಲ್ಲೇ ಕಾದಿದ್ದರು. ಹಲಗೆ ಜಾಗಕ್ಕೆ ಕೂತವು, ಅವನ್ನು ಜೋಡಿಸುವ ಗೂಟ ಬಿಗಿಯಾಯಿತು. ನಾಲ್ಕಕ್ಕೆ ಬಂದ ತಪಾಸಣೆಗಾರ ಮೊಣಕಾಲೂರಿ ಸಂದುಗಳ ಮೇಲೆ ಬೆರಳಾಡಿಸಿದ, ಮೂಲೆಯಲ್ಲಿ ಚೆಂಡು ಪುಟಿಸಿ ಕಿವಿಗೊಟ್ಟ, ಎದ್ದು ಕೈ ಝಾಡಿಸಿಕೊಂಡು ಸಹಿ ಹಾಕಿದ. ವಕೀಲ ರೆನಿಕ್ ಮೇಲಂಗಿಯ ಗುಂಡಿ ಹಾಕಿಕೊಂಡು ಎದ್ದುಹೋದ, ಪಾಪ, ಅವನ ಕೆಲಸ ಅವನದು. ಮಾರ್ಗಿಟ್‌ಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹರ್ಮನ್ ತಂದುಕೊಟ್ಟ ಸಾಸೇಜ್ ಬ್ರೆಡ್ಡನ್ನು ಅವಳು ನಿಂತಲ್ಲೇ ಎರಡು ತುತ್ತಿಗೆ ಮುಗಿಸಿ ಇನ್ನೊಂದು ಕೇಳಿದಳು. ಕದ್ದವನು ಯಾರೆಂದು ಹರ್ಮನ್‌ಗೆ ಗೊತ್ತಾಗಿತ್ತು. ಅವನು ರೋಲೀಯನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದ.

ರೋಲೀಯನ್ನು ದಸ್ತಗಿರಿ ಮಾಡಿ ಠಾಣೆಗೆ ಕರೆದೊಯ್ದರು. ಕೈಕೋಳ ಹಾಕಲಿಲ್ಲ. ಹೇಳಿಕೆ ಬರೆದುಕೊಳ್ಳಲು ಕೂರುವಾಗ ಪಂದ್ಯ ಶುರುವಾಗಿತ್ತು. ಹೊರಗಿನ ಕೋಣೆಯಲ್ಲಿ ಪೇದೆಗಳು ಟಿವಿಯ ಸುತ್ತ ಮುತ್ತಿಕೊಂಡಿದ್ದರು. ರೋಲೀ ಏನನ್ನೂ ಮುಚ್ಚಿಡಲಿಲ್ಲ. ವಕೀಲ ಬೇಕೇ ಎಂದರೆ ಬೇಡವೆಂದ. ಕೊನೆಗೆ, ಆ ಮೂಲೆಯೇ ಯಾಕೆ ಎಂಬ ಪ್ರಶ್ನೆಗೆ ಬಂದಾಗ ಮಾರ್ಗಿಟ್ ಪೆನ್ನು ಕೆಳಗಿಟ್ಟಳು.

"ಟ್ಯಾಲ್ಬರ್ಟ್ ಹೊಡೆದದ್ದು ಊರಿನ ಕಡೆಯ ಮೂಲೆಯಿಂದ ರೋಲೀ. ರೇಡಿಯೋದವನು ತಪ್ಪು ಹೇಳಿದ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಣ್ಣು ಮುಚ್ಚಿಕೊಂಡ. ಗ್ಯಾರೇಜಿನ ಬಾಗಿಲೆತ್ತುವಾಗ ಇಲ್ಲದ ನಾಚಿಕೆ ಈಗ ಮುಖದ ತುಂಬ ಹರಡಿತು.

"ಕಳ್ಳ ಅಂತ ಬರೀರಿ ಮೇಡಂ. ಕದ್ದಿದೀನಿ, ಒಪ್ಕೊಂಡಿದೀನಿ. ಅವತ್ತು ಅಲ್ಲಿರ್ಲಿಲ್ಲ ಅಂತ ಮಾತ್ರ ಬರೀಬೇಡಿ. ಎಲೀನ್‌ಗೆ... ಇಪ್ಪತ್ತಾರು ವರ್ಷದಿಂದ ಹೇಳ್ತಾ ಬಂದಿದೀನಿ."

"ಯಾಕೆ ಹೇಳಿದ್ರಿ?"

"ಯಾರೋ ಕೇಳಿದ್ರು, ನೀನೂ ಇದ್ದೆ ಅಲ್ವಾ ಅಂತ. ಹೂಂ ಅಂದ್ಬಿಟ್ಟೆ. ಎಲ್ಲರೂ ಇದ್ದೋರೇ, ನಾನೊಬ್ಬ ಇಲ್ಲ ಅನ್ನೋಕೆ ನಾಲಿಗೆ ಬರ್ಲಿಲ್ಲ. ಆಮೇಲೆ ಹಿಂದಕ್ಕೆ ಬರೋಕೆ ದಾರಿ ಇರ್ಲಿಲ್ಲ."

"ನಿಜವಾಗ್ಲೂ ಎಲ್ಲಿದ್ರಿ?"

"ಅದನ್ನ ಯಾರೂ ಕೇಳಲ್ಲ ಮೇಡಂ."

"ನಾನು ಕೇಳ್ತಿದೀನಲ್ಲ. ಹೇಳಿ."

ಅವನು ಹಿಮ ತೆಗೆಯುವ ಲಾರಿಯಲ್ಲಿದ್ದ. ಇಲಾಖೆಯವರು ಅವತ್ತು ಚೀಟಿ ಎತ್ತಿದಾಗ ಕೆಲಸ ಬಿದ್ದದ್ದು ಅವನಿಗೆ. ಕೈಯಲ್ಲಿದ್ದ ಟಿಕೆಟ್ಟನ್ನು ತಮ್ಮನಿಗೆ ಕೊಟ್ಟ. ಬಿರುಗಾಳಿಯಲ್ಲಿ ಲಾರಿಯ ಮೂತಿಯೂ ಕಾಣದು. ದಂಡೆಯ ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ತೆಗೆದು ಹಿಂದಿರುಗುವಷ್ಟರಲ್ಲಿ ಮತ್ತೆ ಮುಚ್ಚಿಹೋಗುತ್ತಿತ್ತು, ಮತ್ತೆ ತೆಗೆಯುತ್ತಿದ್ದ. ಕೊನೆಯ ಎಸೆತವನ್ನು ರೇಡಿಯೋದಲ್ಲಿ ಕೇಳಿದಾಗ ಸಂತೋಷಕ್ಕೆ ಲಾರಿಯನ್ನು ಹಿಮದ ಗುಡ್ಡೆಗೆ ನುಗ್ಗಿಸಿಬಿಟ್ಟಿದ್ದ. ಹಿಂದಕ್ಕೆ ತೆಗೆದು ಮತ್ತೆ ಹೊರಟ. ಜನ ಹೊರಬೀಳುವ ಹೊತ್ತಿಗೆ ರಸ್ತೆ ತೆರೆದಿರಬೇಕಿತ್ತಲ್ಲ. ಹೇಳುತ್ತ ಹೇಳುತ್ತ ಅವನ ಎರಡು ಕೈಗಳೂ ಗಾಳಿಯಲ್ಲಿ ದೊಡ್ಡ ಸ್ಟಿಯರಿಂಗ್ ತಿರುಗಿಸುತ್ತಿದ್ದವು. ಬೆಳಗಿನ ತನಕ ಕಾರುಗಳ ಸಾಲು ಹಾರ್ನ್ ಹೊಡೆಯುತ್ತ ತನ್ನ ಪಕ್ಕದಲ್ಲೇ ಮನೆಗೆ ಹೋಯಿತು, ಒಬ್ಬರೂ ದಾರಿಯಲ್ಲಿ ಉಳಿಯಲಿಲ್ಲ ಎಂದ.

"ನಮ್ಮಪ್ಪ ಆ ಸಾಲಲ್ಲಿದ್ರು," ಎಂದಳು ಮಾರ್ಗಿಟ್. "ನಾನೂ ಅಮ್ಮನೂ ಕಿಟಕಿ ಹತ್ರ ಕಾಯ್ತಾ ಕೂತಿದ್ವಿ. ಅಮ್ಮ ಅಳ್ತಿದ್ಲು. ಆಮೇಲೆ ಕಾರು ಬಂತು."

ರೋಲೀ ಮೂಗು ಒರೆಸಿಕೊಂಡ.

ಆರೋಪಿಯನ್ನು ಪತ್ತೆ ಹಚ್ಚಿದ ಬಗೆ ಎಂಬಲ್ಲಿ ಮಾರ್ಗಿಟ್ ಬರೆದದ್ದು ಎರಡೇ ವಾಕ್ಯ: ಗೇಟಿನ ಕ್ಯಾಮೆರಾದಲ್ಲಿ ವಾಹನ ಕಂಡುಬಂತು, ಆರೋಪಿಯ ಗ್ಯಾರೇಜಿನಲ್ಲಿ ಮಾಲು ಸಿಕ್ಕಿತು. ಎರಡೂ ನಿಜ, ನ್ಯಾಯಾಲಯಕ್ಕೆ ಅಷ್ಟು ಸಾಕು. ಮುಂದೆ ನಗರಸಭೆಯೇ ದಯೆ ಕೋರಿತು. ನ್ಯಾಯಾಧೀಶರು ಅವನಿಗೆ ಜೈಲಿನ ಬದಲು ಒಂದು ಚಳಿಗಾಲ ಹರ್ಮನ್‌ನ ಕೈಕೆಳಗೆ ನೆಲ ಹಾಸುವ ಸೇವೆ ವಿಧಿಸಿದರು. ಅದು ಆಮೇಲಿನ ಮಾತು.

ಆ ಸಂಜೆ ಜಾಮೀನಿನ ಕಾಗದಕ್ಕೆ ಸಹಿ ಹಾಕಿ ಅವನು ಹೊರಗೆ ಹೋದಾಗ ಬೆಂಚಿನ ಮೇಲೆ ಎಲೀನ್ ಕಾದಿದ್ದಳು, ಮುಖ ಗಂಟಿಕ್ಕಿಕೊಂಡು, ಅವನ ಕೋಟು ತೊಡೆಯ ಮೇಲಿಟ್ಟುಕೊಂಡು. ಒಳಗೆ ಟಿವಿಯ ಮುಂದೆ ಪಾವ್ ಕೂಗುತ್ತಿದ್ದ, ಸ್ಟೋಕರ್ಸ್ ಮುಂದಿತ್ತು. ಮಾರ್ಗಿಟ್ ಗಾಜಿನ ಆಚೆಯಿಂದ ನೋಡಿದಳು. ರೋಲೀ ಹೆಂಡತಿಯ ಪಕ್ಕ ಕುಳಿತ, ನೆಲ ನೋಡುತ್ತಲೇ ಮಾತಾಡತೊಡಗಿದ. ಮಾತು ಇತ್ತ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಎರಡು ಕೈಗಳು ಮೇಲೆದ್ದು ಗಾಳಿಯಲ್ಲಿ ಆ ದೊಡ್ಡ ಸ್ಟಿಯರಿಂಗನ್ನು ಹಿಡಿದವು. ಎಲೀನ್ ಕೋಟನ್ನು ಪಕ್ಕಕ್ಕಿಟ್ಟು ಅವನ ಕಡೆಗೆ ತಿರುಗಿ ಕುಳಿತಳು.